ನಂಬಿಗಸ್ತರಿಂದ ತಿಳಿದದ್ದು

ನಾಸಿಕ್
೯ ಜುಲೈ ೨೦೨೫

ತಮ್ಮಾ ಶಿವಕಾಂತ,

ನಿನಗೂ ಮನೆಯಾಕೆ ಮಂಜುಶ್ರೀಗೂ ಅಕ್ಕನ ಆಶೀರ್ವಾದ. ಮೊನ್ನೆ ನೀನು ಫೋನ್ ಮಾಡಿದಾಗ ಸೊಸೆ ಲತಾ ಅದನ್ನು ನನ್ನ ಕಿವಿಗೆ ಹಿಡಿದಳು. ನೀನು ಏನೋ ಕೇಳುತ್ತಿದ್ದೆ, ನಾನು ಏನೋ ಹೇಳುತ್ತಿದ್ದೆ. ಆಮೇಲೆ ಲತಾ ನಗುತ್ತಾ, "ಅತ್ತೀ, ಮಾಮಾ 'ಆರಾಮಿದ್ದೀಯೇನು' ಅಂತ ಕೇಳಿದ್ರ ನೀವು 'ನಾಳಿಗಿ ಮಾಡ್ತೀನಿ' ಅಂದ್ರಿ" ಅಂದಳು. ಕಿವಿಯ ಮಷಿನ್ ಹಾಕಿಕೊಂಡರೆ ಕುಕ್ಕರಿನ ಸೀಟಿ ಬಿಟ್ಟು ಬೇರೇನೂ ಕೇಳುವುದಿಲ್ಲ. ಅದಕ್ಕೇ ನೀನು ಬೀದರಿನ ಹಾಸ್ಟೆಲಿನಿಂದ ಬರೆಯುತ್ತಿದ್ದೆಯಲ್ಲ, ಹಾಗೆ ಕಾಗದವನ್ನೇ ಬರಿ. ಕಾಗದವಾದರೆ ಎರಡು ಸಲ ಓದಬಹುದು.

ಇಲ್ಲಿ ಮೂರು ದಿನದಿಂದ ಮೊಮ್ಮಗಳು ಅಶ್ವಿನಿಗೆ ಆರಾಮಿಲ್ಲ. ಜ್ವರ, ವಾಂತಿ, ಭೇದಿ. ಎಂಟು ವರ್ಷದ ಕೂಸು, ಹಾಸಿಗೆಯಲ್ಲಿ ಒದ್ದೆ ಬಟ್ಟೆಯ ಹಾಗೆ ಬಿದ್ದಿದ್ದಾಳೆ. ನಿನ್ನೆ ಮಗ ಬಸವಕುಮಾರ ರಜೆ ಹಾಕಿ ನಮ್ಮೆಲ್ಲರನ್ನೂ ದವಾಖಾನೆಗೆ ಕರೆದುಕೊಂಡು ಹೋದ. ಔಷಧ ಕೊಟ್ಟು ಮನೆಗೆ ಕಳಿಸಿದರು. ಡಾಕ್ಟರರು ಲತಾಳಿಗೆ ಬಹಳ ಹೊತ್ತು ಏನೇನೋ ಹೇಳಿದರು. ನನಗೆ ಕೇಳಿಸಲಿಲ್ಲ. ಮನೆಗೆ ಬಂದ ಮೇಲೆ ನಾನೂ ಕೇಳಲಿಲ್ಲ.

ಕಳೆದ ತಿಂಗಳು ನೀನು ಬಸವಕುಮಾರನ ಕೈಯಲ್ಲಿ ನಿಮ್ಮ ಕಡೆ ರೊಟ್ಟಿ ಮಾಡಿ ಮಾರುವ ಭಾಗವ್ವನ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಳಿಸಿದ್ದೆಯಲ್ಲ. ಕೂಸು ಆ ಚಟ್ನಿಪುಡಿಯನ್ನು ಊಟಕ್ಕೂ ಬೇಕು, ನಾಷ್ಟಾಕ್ಕೂ ಬೇಕು ಅಂತ ತಿಂದಿತ್ತು. ಅದೇ ಏನಾದರೂ ಮಾಡಿತೋ ಏನೋ. ಮಳೆಗಾಲ, ಶೇಂಗಾ ಕಮಟು ಹಿಡಿದಿರಬಹುದು. ನಾವು ಮೂವರೂ ತಿಂದೆವು, ನಮಗೇನೂ ಆಗಿಲ್ಲ. ಆದರೂ ಸಣ್ಣ ಹೊಟ್ಟೆ, ತಾಳಲಿಲ್ಲವೋ ಏನೋ.

ನೀನು ಬಿ.ಪಿ. ಗುಳಿಗೆ ತಪ್ಪಿಸಬೇಡ.

ನಿನ್ನ ಅಕ್ಕ
ಪಾರ್ವತಿಬಾಯಿ

*

ಚಿಕಲಠಾಣಾ, ಸಂಭಾಜಿನಗರ
೧೪ ಜುಲೈ ೨೦೨೫

ಅಕ್ಕಾ, ಶರಣು.

ನಿನ್ನ ಕಾಗದ ಶನಿವಾರ ಬಂತು. ಓದಿದಾಗಿನಿಂದ ಅಶ್ವಿನಿಯದೇ ಚಿಂತೆ. ಮಂಜುಶ್ರೀ ಆ ಸಂಜೆಯೇ ಲತಾಳಿಗೆ ಫೋನ್ ಮಾಡಿದಳು. ಗಂಜಿ ಕುಡಿಯುತ್ತಿದ್ದಾಳೆ ಎಂದು ತಿಳಿದ ಮೇಲೆ ನನಗೂ ಊಟ ಸೇರಿತು.

ಹಿಂಡಿಯ ವಿಷಯ ಓದಿ ಮೈ ಉರಿದುಹೋಯಿತು. ನಾನೇ ಕೈಯಾರೆ ಕಳಿಸಿದ್ದಲ್ಲವೇ. ಅಕ್ಕಾ, ನಿನಗೆ ಗೊತ್ತು, ಇಲ್ಲಿರುವ ಬೀದರ್, ಕಲಬುರಗಿ ಕಡೆಯ ಕುಟುಂಬಗಳಿಗೆಲ್ಲ ಸೇರಿ ನಾನು ಫೋನಿನಲ್ಲಿ 'ನಮ್ಮ ಮಂದಿ' ಎಂಬ ಗುಂಪು ನಡೆಸುತ್ತೇನೆ. ಇನ್ನೂರಾ ಹನ್ನೆರಡು ಜನ. ದಿನಕ್ಕೆ ಎಷ್ಟು ಸುಳ್ಳು ಸುದ್ದಿ ಬರುತ್ತವೆ ಅನ್ನುತ್ತೀ! ಅಣೆಕಟ್ಟು ಒಡೆಯುತ್ತದೆ, ಬ್ಯಾಂಕು ಮುಚ್ಚುತ್ತದೆ, ಬೇವಿನ ರಸ ಕುಡಿದರೆ ಸಕ್ಕರೆ ಕಾಯಿಲೆ ಓಡುತ್ತದೆ. ನಾನು ಒಂದನ್ನೂ ಬಿಡುವುದಿಲ್ಲ. ಫ್ಯಾಕ್ಟರಿಯ ಸ್ಟೋರಿನಲ್ಲಿ ಚಲನ್ ಇಲ್ಲದೆ ಒಂದು ನಟ್ಟನ್ನೂ ಒಳಗೆ ಬಿಟ್ಟವನಲ್ಲ. ಗುಂಪಿನಲ್ಲೂ ಹಾಗೇ. "ಯಾರು ನೋಡ್ಯಾರ? ಯಾರು ಹೇಳಿದ್ರು?" ಎಂದು ಕೇಳುತ್ತೇನೆ, ಉತ್ತರವಿಲ್ಲದಿದ್ದರೆ ಅಳಿಸುತ್ತೇನೆ. ಅದಕ್ಕೇ ಮಂದಿ ಪೇಪರಿಗಿಂತ ಹೆಚ್ಚು ನನ್ನನ್ನು ನಂಬುತ್ತಾರೆ.

ಈ ಸಲ ಕೇಳುವ ಪ್ರಶ್ನೆಯೇ ಬರಲಿಲ್ಲ. ಬರೆದವಳು ನೀನು. ಅವ್ವ ಹೋದ ಮೇಲೆ ನನ್ನ ತಲೆ ಬಾಚಿ ಶಾಲೆಗೆ ಕಳಿಸಿದವಳು ಒಂದು ದಿನವೂ ನನಗೆ ಸುಳ್ಳು ಹೇಳಿಲ್ಲ. ಪಂಚಮಿ ಹತ್ತಿರ ಬಂತು, ಎಲ್ಲರೂ ಭಾಗವ್ವನ ಕಡೆಯೇ ರೊಟ್ಟಿ ಹೇಳುತ್ತಾರೆ, ಮನೆಮನೆಯಲ್ಲಿ ಮಕ್ಕಳಿದ್ದಾರೆ. ಅದಕ್ಕೆ ಶನಿವಾರವೇ ಗುಂಪಿನಲ್ಲಿ ಹಾಕಿದೆ: "ನಂಬಿಗಸ್ತರಿಂದ ತಿಳಿದದ್ದು. ಭಾಗವ್ವನ ಶೇಂಗಾ ಹಿಂಡಿ ತಿಂದು ನಾಸಿಕ್‌ನಲ್ಲಿ ಒಂದು ಮಗು ಆಸ್ಪತ್ರೆ ಸೇರಿದೆ. ಮಕ್ಕಳಿರುವವರು ಎಚ್ಚರ." ನಿನ್ನ ಹೆಸರಾಗಲಿ ಕೂಸಿನ ಹೆಸರಾಗಲಿ ಬರೆದಿಲ್ಲ. ಮನೆಯ ವಿಷಯ ನಾಲ್ಕು ಜನರ ಬಾಯಿಗೆ ಬೀಳುವುದು ಬೇಡ.

ಅಶ್ವಿನಿಗೆ ಮಾಮಾಜ್ಜನ ಮುತ್ತು.

ನಿನ್ನ ತಮ್ಮ
ಶಿವಕಾಂತ

*

ನಾಸಿಕ್
೧೬ ಜುಲೈ ೨೦೨೫

ತಮ್ಮಾ,

ನಿನ್ನ ಕಾಗದ ಇನ್ನೂ ಬಂದಿಲ್ಲ. ಇಲ್ಲಿ ಮಳೆ ಬಿಟ್ಟಿಲ್ಲ, ಅಂಚೆಯವನ ಮುಖ ನೋಡಿ ನಾಲ್ಕು ದಿನವಾಯಿತು. ಹೇಳದೆ ಇರಲಾರದ್ದಕ್ಕೆ ಮತ್ತೆ ನಾನೇ ಬರೆಯುತ್ತಿದ್ದೇನೆ.

ಅಶ್ವಿನಿ ಎದ್ದು ಕೂತಿದ್ದಾಳೆ. ನಿನ್ನೆ ಮೊಸರನ್ನ ತಿಂದಳು, ಇವತ್ತು ಟಿ.ವಿ.ಗಾಗಿ ಅಪ್ಪನ ಜೊತೆ ಮರಾಠಿಯಲ್ಲಿ ಜಗಳ ಮಾಡಿದಳು. ಅಂದರೆ ಗುಣವಾದಳು ಅಂತ ಲೆಕ್ಕ.

ಇನ್ನೊಂದು ಮಾತು. ನಾನು ಅಂದುಕೊಂಡದ್ದು ಖರೇ ಆಯಿತು. ಸೋಮವಾರ ಗುಡಿಯಲ್ಲಿ ಕಮಲಾಬಾಯಿ ಸಿಕ್ಕಿದ್ದಳು, ನಮ್ಮ ಭಾಲ್ಕಿ ಕಡೆಯವಳೇ, ಇಲ್ಲೇ ಹಿಂದಿನ ಬೀದಿಯಲ್ಲಿ ಇರುತ್ತಾಳೆ. ಕಿವಿಯ ಹತ್ತಿರ ಬಾಯಿ ತಂದು, "ಸುದ್ದಿ ಕೇಳಿದ್ರೇನ್ರಿ? ಸಂಭಾಜಿನಗರದ ಯಾರೋ ಭಾಗವ್ವಂದು ಹಿಂಡಿ ತಿಂದು ನಮ್ಮ ನಾಸಿಕದಾಗೇ ಒಂದು ಕೂಸು ದವಾಖಾನಿ ಸೇರ್ಯಾದಂತ" ಎಂದು ಕೂಗಿದಳು. ನನ್ನ ಕೈಯಲ್ಲಿದ್ದ ಹೂವು ಹಾಗೇ ಉಳಿಯಿತು. "ನಮ್ಮ ಅಶ್ವಿನಿಗೂ ಹಿಂಗೇ ಆತಲ್ಲವ್ವ" ಅಂದೆ. ಮರುದಿನ ಲತಾಳ ತಂಗಿ ಭಾಲ್ಕಿಯಿಂದಲೇ ಫೋನ್ ಮಾಡಿ, ಎರಡು ಮಕ್ಕಳಿಗೆ ಆಗಿದೆಯಂತೆ, ಹೌದೇನು ಎಂದು ಕೇಳಿದಳಂತೆ. ನೋಡು, ಎರಡು ಕಡೆಯಿಂದ ಬಂತು. ಎರಡು ಊರಿನ ಮಂದಿ ಸುಳ್ಳು ಹೇಳುತ್ತಾರೆಯೇ?

ಯಾಕೋ ಎದೆ ಹಗುರಾಯಿತು. ಆ ಇನ್ನೊಂದು ಕೂಸಿನ ತಾಯಿ ಎಷ್ಟು ಸಂಕಟಪಡುತ್ತಿದ್ದಾಳೋ. ಹಾಗಿದ್ದೂ ಹಗುರಾಯಿತು ಅಂತ ಬರೆಯುತ್ತಿದ್ದೇನೆ, ನಿನ್ನ ಮುಂದೆ ಮುಚ್ಚಿಡುವುದೇನು.

ಅಕ್ಕ

*

ಚಿಕಲಠಾಣಾ
೨೧ ಜುಲೈ ೨೦೨೫

ಅಕ್ಕಾ,

ನಿನ್ನ ಎರಡನೆಯ ಕಾಗದ ಶುಕ್ರವಾರ ಸಿಕ್ಕಿತು. ಎರಡನೆಯ ಮಗುವಿನ ಸುದ್ದಿಯನ್ನೂ ಗುಂಪಿನಲ್ಲಿ ಹಾಕಿದೆ. ಅಲ್ಲಿಯವರೆಗೆ ಇಬ್ಬರು ಮೂವರು ಅನುಮಾನ ತೆಗೆಯುತ್ತಿದ್ದರು, ಆಮೇಲೆ ಯಾರೂ ಸೊಲ್ಲೆತ್ತಲಿಲ್ಲ.

ನಿನ್ನೆ ಭಾನುವಾರ ಭಾಗವ್ವ ಮನೆಗೆ ಬಂದಿದ್ದಳು. ನೀನು ಅವಳನ್ನು ನೋಡಿಲ್ಲ. ಆಳಂದದ ಕಡೆಯವಳು, ಗಂಡ ಖಂಡಪ್ಪ ಕಟ್ಟಡದ ಕೆಲಸಕ್ಕೆ ಹೋಗುತ್ತಾನೆ, ಇವಳೂ ಮಗಳು ಮಂಜುಳಾನೂ ಮುಕುಂದವಾಡಿಯ ಒಂದೇ ಕೋಣೆಯಲ್ಲಿ ರೊಟ್ಟಿ ಬಡಿಯುತ್ತಾರೆ. ಬಾ ಅಂದರೂ ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ನಿಂತೇ ಕೇಳಿದಳು.

"ಅಣ್ಣಾರೆ, ಯಾರ ಕೂಸ್ರಿ ಅದು?"

"ಹೆಸರು ಹೇಳಂಗಿಲ್ಲವ್ವ."

"ಹೆಸರ ಹೇಳ್ರಿ. ನಾ ಬಸ್ಸಿಗಿ ಹೋಗಿ ನೋಡಿ ಬರ್ತೀನಿ. ನನ್ನ ಕೈಲೆ ಮಾಡಿದ್ದು ತಿಂದು ಕೂಸಿಗಿ ತ್ರಾಸ ಆಗ್ಯಾದಂದ್ರ ನಾ ನೋಡಬೇಕಲ್ರಿ."

ಜಗಳಕ್ಕೆ ಬಂದಿದ್ದರೆ ಉತ್ತರ ಕೊಡುತ್ತಿದ್ದೆ. ಕೂಸನ್ನು ನೋಡಬೇಕು ಅಂದಳು. "ನನಗ ಹೇಳಿದವರು ಸುಳ್ಳು ಹೇಳವರಲ್ಲ" ಅಂದೆ, ಅಷ್ಟೇ. ಪಂಚಮಿಗೆ ಹೇಳಿದ್ದ ಇಪ್ಪತ್ತಾರು ಮನೆಯಲ್ಲಿ ಹತ್ತೊಂಬತ್ತು ಮನೆಯವರು ಬೇಡ ಅಂದಿದ್ದಾರಂತೆ. ಅವಳು ಹೋದ ಮೇಲೆ ಮಂಜುಶ್ರೀ ಡಬ್ಬಿಯಿಂದ ಭಾಗವ್ವನದೇ ಹಿಂಡಿ ತೆಗೆದು ರೊಟ್ಟಿಗೆ ಹಚ್ಚಿಕೊಂಡು ನನ್ನ ಎದುರು ಕೂತು ತಿಂದಳು. ಒಂದು ಮಾತಾಡಲಿಲ್ಲ. ಇವತ್ತೂ ಆಡಿಲ್ಲ.

ಅಕ್ಕಾ, ನಿನ್ನ ಮೇಲೆ ಅನುಮಾನವಿಲ್ಲ. ಆದರೂ ಒಂದು ಕೆಲಸ ಮಾಡು. ಕಮಲಾಬಾಯಿಗೆ ಯಾರು ಹೇಳಿದರು, ಲತಾಳ ತಂಗಿಗೆ ಯಾರು ಹೇಳಿದರು, ಆ ಇನ್ನೊಂದು ಕೂಸು ಯಾರದು, ಕೇಳಿ ಬರಿ. ಭಾಗವ್ವನಿಗೆ ನಾನು ಏನಾದರೂ ಉತ್ತರ ಕೊಡಬೇಕಲ್ಲ.

ಶಿವಕಾಂತ

*

ನಾಸಿಕ್
೨೫ ಜುಲೈ ೨೦೨೫

ತಮ್ಮಾ,

ಇದನ್ನು ಅಂಚೆಗೆ ಹಾಕುತ್ತಿಲ್ಲ. ಪಂಚಮಿಗೆ ನಾಲ್ಕೇ ದಿನ ಉಳಿದಿವೆ. ಬರೆದು ಮುಗಿಸಿದ ಕೂಡಲೇ ಲತಾ ಇದರ ಫೋಟೋ ತೆಗೆದು ನಿನ್ನ ಫೋನಿಗೆ ಕಳಿಸುತ್ತಾಳೆ.

ನಿನ್ನ ಎರಡೂ ಕಾಗದ ನಿನ್ನೆ ಒಟ್ಟಿಗೆ ಬಂದವು. ಎರಡನೆಯದನ್ನು ಮೊದಲು ಒಡೆದೆ. ನೀನು ಹೇಳಿದ ಹಾಗೆ ಕೇಳೋಣ ಅಂತ ಬಸವಕುಮಾರನನ್ನು ಕರೆದುಕೊಂಡು ಕಮಲಾಬಾಯಿಯ ಮನೆಗೆ ಹೋದೆ. ಅವಳು ಫೋನ್ ತೆಗೆದು ತೋರಿಸಿದಳು. ಅಕ್ಷರ ಸಣ್ಣದು, ನನಗೆ ಕಾಣಲಿಲ್ಲ. ನಾಸಿಕ್‌ನಲ್ಲಿ ಬೆಳೆದ ಬಸವಕುಮಾರ ಕನ್ನಡ ಓದುವುದು ನಿನಗೆ ಗೊತ್ತಲ್ಲ, ಒಂದೊಂದೇ ಅಕ್ಷರ ಹೆಕ್ಕುತ್ತಾ ನನ್ನ ಕಿವಿಗೆ ಓದಿದ. "ನಂ...ಬಿ...ಗಸ್ತ...ರಿಂದ. ಅವ್ವಾ, ನಂಬಿಗಸ್ತರು ಅಂದ್ರ ಯಾರು?"

ಮನೆಗೆ ಬಂದು ನಿನ್ನ ಮೊದಲ ಕಾಗದ ಒಡೆದೆ. ಅದೇ ಸಾಲು, ಅಕ್ಷರವೂ ಬಿಡದೆ. ನಂಬಿಗಸ್ತರು ಅಂದರೆ ನಾನೇ, ತಮ್ಮಾ. ಕಮಲಾಬಾಯಿ ಹೇಳಿದ ಕೂಸೂ ಅಶ್ವಿನಿಯೇ. ಅದನ್ನು ತಿಳಿಯದೆ ನಾನು "ನಮ್ಮ ಅಶ್ವಿನಿಗೂ ಆತು" ಅಂದೆ, ಅವಳು ಅದನ್ನು ಕೂಡಿಸಿ ಎರಡು ಕೂಸು ಮಾಡಿ ಭಾಲ್ಕಿಗೆ ಮುಟ್ಟಿಸಿದಳು. ನಾನು ನಿನಗೆ ಬರೆದದ್ದೇ ಇಡೀ ಊರು ಸುತ್ತಿ ಬಂದು ನನ್ನ ಕಿವಿಯಲ್ಲಿ ಕೂಗಿತು, ನಾನು ಹೌದು ಹೌದು ಅಂದೆ.

ಇನ್ನೂ ಇದೆ. ಲತಾ ಮನೆಯಲ್ಲಿ ನೀರು ಕಾಯಿಸಿಯೇ ಕುಡಿಸುತ್ತಾಳೆ. ನಾನು ಅದನ್ನು ಶೋಕಿ ಅನ್ನುತ್ತಿದ್ದೆ. ಒಂದು ದಿನ ಲತಾ ಮನೆಯಲ್ಲಿರಲಿಲ್ಲ, ಕಾಯಿಸಿದ ನೀರು ತೀರಿತ್ತು. ಕೂಸು ಶಾಲೆಯಿಂದ ಬಂದು "ಆಜೀ, ಪಾಣಿ ದೇನಾ" ಅಂತು. ನಳದ ನೀರು ಹಿಡಿದು ಕೊಟ್ಟೆ. ಎರಡು ಲೋಟ ಕುಡಿಯಿತು. ಮರುದಿನ ವಾಂತಿ ಶುರುವಾಯಿತು. ನನಗೆ ಆಗಲೇ ಅನಿಸಿತ್ತು, ತಮ್ಮಾ. ಅನಿಸಿದ್ದಕ್ಕೇ ನಿನಗೆ ಹಿಂಡಿಯ ಹೆಸರು ಬರೆದೆ. ಸುಳ್ಳು ಬರೆಯುತ್ತಿದ್ದೇನೆ ಅಂತ ಆಗ ತೋಚಲಿಲ್ಲ. "ಇರಬಹುದು" ಅಂತ ತಾನೇ ಬರೆದೆ. ಬರೆದ ಮೇಲೆ ಆ ರಾತ್ರಿ ನಿದ್ದೆ ಬಂತು.

ನಿನ್ನೆ ಲತಾಳ ಮುಂದೆ ಎಲ್ಲ ಹೇಳಿದೆ. ಅವಳು ನನ್ನ ಕೈ ಹಿಡಿದು, ತುಟಿ ನನಗೆ ಕಾಣುವ ಹಾಗೆ ನಿಧಾನವಾಗಿ ಅಂದಳು: "ಡಾಕ್ಟರು ಅವತ್ತೇ ನೀರಿಂದು ಅಂದಿದ್ರು ಅತ್ತೀ. ನಮ್ಮ ಬಿಲ್ಡಿಂಗಿನ ನೀರಿನ ಟಾಕಿಗೆ ಗಟಾರದ ನೀರು ಸೇರಿತ್ತಂತ, ಇನ್ನೂ ನಾಲ್ಕು ಮಕ್ಕಳಿಗೆ ಆಗ್ಯಾದ. ನೀವು ಮನಸ್ಸಿಗಿ ಹಚ್ಕೋತೀರಿ ಅಂತ ನಾ ಹೇಳಲಿಲ್ಲ." ನೋಡು, ಅವಳು ನನಗೆ ನೋವಾಗದಿರಲಿ ಅಂತ ಮುಚ್ಚಿಟ್ಟಳು. ನಾನು ನನಗೇ ನೋವಾಗದಿರಲಿ ಅಂತ ಮುಚ್ಚಿಟ್ಟೆ. ಎರಡೂ ಹೋಗಿ ಆ ಹೆಣ್ಣುಮಗಳ ತಲೆಯ ಮೇಲೆ ಬಿದ್ದವು.

ಈ ಕಾಗದವನ್ನು ಇದ್ದ ಹಾಗೆ ನಿನ್ನ ಗುಂಪಿನಲ್ಲಿ ಹಾಕು. ನನ್ನ ಹೆಸರು ಇರಲಿ.

ನಿನ್ನ ಅಕ್ಕ
ಪಾರ್ವತಿಬಾಯಿ

*

ಚಿಕಲಠಾಣಾ
೨೬ ಜುಲೈ ೨೦೨೫

ಅಕ್ಕಾ,

ನಾನೂ ಫೋಟೋ ತೆಗೆದೇ ಕಳಿಸುತ್ತಿದ್ದೇನೆ.

ನಿನ್ನ ಕಾಗದ ಗುಂಪಿನಲ್ಲಿ ಹಾಕಲು ಆಗಲಿಲ್ಲ. ಬೆರಳು ಅಲ್ಲಿಯವರೆಗೆ ಹೋಗಿ ವಾಪಸು ಬಂತು. ಇನ್ನೂರಾ ಹನ್ನೆರಡು ಜನ ನನ್ನ ಅಕ್ಕನನ್ನು ಆಡಿಕೊಳ್ಳುವುದನ್ನು ನಾನು ನೋಡಲಾರೆ. "ಆ ಸುದ್ದಿ ತಪ್ಪು, ಭಾಗವ್ವನ ಹಿಂಡಿಯಿಂದ ಯಾರಿಗೂ ಏನೂ ಆಗಿಲ್ಲ" ಎಂದಷ್ಟೇ ಬರೆದೆ. ಮೊದಲ ಸುದ್ದಿಯನ್ನು ಒಂದು ತಾಸಿನಲ್ಲಿ ಎಲ್ಲರೂ ಓದಿದ್ದರು. ಇದನ್ನು ಓದಿದವರು ಮೂವತ್ತೂ ಇಲ್ಲ. ಅದರಲ್ಲಿ ಒಬ್ಬರು, "ಭಾಗವ್ವ ಬಂದು ಅತ್ತಳೇನ್ರಿ ಸರ್, ಮನಸ್ಸು ಕರಗಿತೇನು?" ಎಂದು ಕೇಳಿದರು. ಯತಿರಾಜ್ ಅನ್ನುವವರು, "ಯಾರು ಹೇಳಿದ್ರು ಸರ್? ನೀವೇ ಕೇಳ್ತಿದ್ರಲ್ಲ" ಅಂದರು. ನನ್ನ ಮಾತನ್ನೇ ನನಗೆ ಕೊಟ್ಟರು.

ಭಾಗವ್ವನ ಮನೆಗೂ ಹೋದೆ. "ತಪ್ಪಾತವ್ವ" ಅಂದೆ. ರೊಟ್ಟಿ ಬಡಿಯುತ್ತಲೇ, "ಯಾರು ಹೇಳಿದ್ರು ಅಣ್ಣಾರೆ?" ಅಂದಳು. ಹೇಳಲಿಲ್ಲ. ಮತ್ತೆ ಕೇಳಲಿಲ್ಲ ಅವಳು, ತಲೆ ಎತ್ತಲೂ ಇಲ್ಲ.

ಹಿಂಡಿಯ ಮಾತು ನೀನು "ಏನೋ" ಅಂತ ಬರೆದಿದ್ದೆ. "ನಮಗೇನೂ ಆಗಿಲ್ಲ" ಅಂತಲೂ ಬರೆದಿದ್ದೆ. ದವಾಖಾನೆಗೆ ಹೋಗಿ ಮನೆಗೆ ಬಂದಳು ಅಂತ ಬರೆದದ್ದನ್ನು ನಾನು ಆಸ್ಪತ್ರೆ ಸೇರಿದೆ ಅಂತ ಮಾಡಿದೆ. ಇವತ್ತು ಕಾಗದ ತೆಗೆದು ಓದಿದಾಗಲೇ ಅದೆಲ್ಲ ಕಾಣಿಸಿತು. ತಪ್ಪು ನಿನ್ನೊಬ್ಬಳದಲ್ಲ ಅಕ್ಕಾ.

ಶಿವಕಾಂತ

*

ನಾಸಿಕ್
೨ ಆಗಸ್ಟ್ ೨೦೨೫

ತಮ್ಮಾ,

ಸುಖವಾಗಿ ಮುಟ್ಟಿದೆ. ಬಸ್ಸಿನಲ್ಲಿ ಕೂತವಳು ದಾರಿಯಲ್ಲಿ ಯೇವಲಾ ಊರು ದಾಟುವವರೆಗೆ ಹಾಗೇ ನಿದ್ದೆ ಹೋಗಿದ್ದೆ. ಸೋಮವಾರ ಹೇಳದೆ ಕೇಳದೆ ಬಂದು ಬಾಗಿಲು ಬಡಿದೆನಲ್ಲ, ಅದಕ್ಕೆ ನೀನು ಬೈದದ್ದು ನನಗೆ ಕೇಳಿಸಲಿಲ್ಲ, ಆದರೆ ಕಂಡಿತು.

ಅವತ್ತೇ ನೀನು ಕೆಲಸಕ್ಕೆ ಹೋದ ಮೇಲೆ ಮಂಜುಶ್ರೀ ನನ್ನನ್ನು ಭಾಗವ್ವನ ಮನೆಗೆ ಕರೆದುಕೊಂಡು ಹೋದಳು. ಅಲ್ಲಿ ನಡೆದದ್ದನ್ನು ನಿನ್ನ ಮುಂದೆ ಹೇಳಲು ಎರಡು ದಿನ ನಾಚಿಕೆಯಾಯಿತು. ಈಗ ಬರೆಯುತ್ತೇನೆ.

ಸಣ್ಣ ಓಣಿ, ಎರಡೂ ಕಡೆ ಮನೆ, ಕೈ ಚಾಚಿದರೆ ಎದುರು ಮನೆಯ ಬಾಗಿಲು. ನಾನು ಒಳಗೆ ಕೂತು, "ಭಾಗವ್ವ, ನಾನು ಶಿವಕಾಂತನ ಅಕ್ಕ. ಆ ಮಾತು ನಾನೇ ಬರೆದದ್ದು. ಕೂಸಿಗೆ ತ್ರಾಸ ಆದದ್ದು ನಮ್ಮ ಮನೆಯ ನೀರಿನಿಂದ" ಅಂದೆ. ನನ್ನ ಪ್ರಕಾರ ಮೆಲ್ಲಗೇ ಅಂದದ್ದು. ನನ್ನ ದನಿ ನನಗೇ ಕೇಳಿಸುವುದಿಲ್ಲವಲ್ಲ. ಮಂಜುಶ್ರೀ ಆಮೇಲೆ ಹೇಳಿದಳು, ಓಣಿಯ ತುದಿಯ ಕಿರಾಣಿ ಅಂಗಡಿಯವನು ಹೊರಗೆ ಬಂದು ನೋಡಿದನಂತೆ.

ಭಾಗವ್ವ ಏನೋ ಕೇಳಿದಳು, ನನಗೆ ತಿಳಿಯಲಿಲ್ಲ. ಮಂಜುಳಾ, "ಜೋರ್ಲೆ ಮಾತಾಡು ಯವ್ವಾ, ಅವರಿಗಿ ಕೇಳಸಂಗಿಲ್ಲಂತ" ಅಂದಳಂತೆ. ಆಗ ಅವಳೂ ದನಿ ಎತ್ತಿದಳು.

"ನಿಮ್ಮ ನೀರಿಂದು ತಪ್ಪು ನನ್ನ ಹಿಂಡಿ ಮ್ಯಾಲ ಯಾಕ ಹಾಕಿದ್ರಿ ಆಯೀ?"

"ಅಂಜಿಕಿ ಬಂತವ್ವ. ನನ್ನ ಕೂಸಿಗೆ ನಾನೇ ಕೆಟ್ಟ ನೀರು ಕುಡಿಸಿದ್ನೇನೋ ಅಂತ ಅಂಜಿಕಿ ಬಂತು."

"ನಿಮ್ಮ ಅಂಜಿಕಿಗಿ ನನ್ನ ಹೆಸರೇ ಬೇಕಾಗಿತ್ತೇನ್ರಿ?"

"ನಿನ್ನ ಮುಖ ನೋಡಿರಲಿಲ್ಲ ನಾನು. ನೋಡಿದ್ರ ಬರೀತಿರಲಿಲ್ಲ."

ಹೀಗೆ ಇಬ್ಬರೂ ಕೂಗಿ ಕೂಗಿ ಮಾತಾಡಿದೆವು. ಬಾಗಿಲಲ್ಲಿ ಒಂದು ತಲೆ, ಎರಡು ತಲೆ, ಆಮೇಲೆ ಬೆಳಕೇ ಬರದಷ್ಟು ತಲೆ. ಭಾಗವ್ವ ನನ್ನ ತೊಡೆ ಮುಟ್ಟಿ, ಕೈಸನ್ನೆ ಮಾಡಿ, "ಸಾವಕಾಶ ಮಾತಾಡ್ರಿ ಆಯೀ, ಓಣಿ ಮಂದಿಯೆಲ್ಲ ಕೇಳಲಕತ್ತಾರ" ಅಂದಳು. ಅದು ಹೇಗೋ ತಿಳಿಯಿತು. "ಕೇಳಲಿ" ಅಂದೆ. ಎದ್ದು ಬಾಗಿಲಿಗೆ ಹೋಗಿ ಅವರಿಗೂ ಹೇಳಿದೆ. ಅವರಲ್ಲಿ ನಿನ್ನ ಗುಂಪಿನ ಒಬ್ಬಾಕೆ, "ಎಲ್ಲರೂ ಹೇಳ್ತಾರಲ್ರಿ ಮತ್ತ" ಅಂದಳಂತೆ. ಮಂಜುಶ್ರೀ ಅದನ್ನು ನನ್ನ ಕಿವಿಗೆ ಹೇಳಿದಳು. "ಆ ಎಲ್ಲರೂ ಅಂದ್ರ ನಾನೊಬ್ಬಾಕಿನೇ ತಾಯಿ" ಅಂದೆ.

ಭಾಗವ್ವ ಕ್ಷಮಿಸಿದೆ ಅಂತ ಹೇಳಲಿಲ್ಲ. ನನ್ನ ಬಾಯಿ ನೋಡಿ, ಹಲ್ಲಿಲ್ಲದ್ದು ತಿಳಿದು, ಒಲೆಯ ಮೇಲಿನ ಬಿಸಿ ರೊಟ್ಟಿಯ ಮೇಲ್ಪದರು ತೆಗೆದು, ಮೆತ್ತನೆಯದನ್ನು ಹಾಲಿನಲ್ಲಿ ಕಿವುಚಿ ಕೊಟ್ಟಳು. ನಾನು ತಿನ್ನುವವರೆಗೂ ಎದುರಿಗೇ ಕೂತಿದ್ದಳು. ಮಂಜುಶ್ರೀ ಇಬ್ಬರಿಗೂ ಬೆನ್ನು ಮಾಡಿ ನಿಂತು ಕಣ್ಣೊರೆಸಿಕೊಂಡಳು.

ಆ ಸಂಜೆ ನೀನು ನನ್ನ ಪಕ್ಕದಲ್ಲಿ ಕೂತು, ನನ್ನ ಕಾಗದವನ್ನು ಗುಂಪಿನಲ್ಲಿ ಹಾಕಿ, ಕೆಳಗೆ ನಿನ್ನ ತಪ್ಪನ್ನೂ ಬರೆದೆಯಲ್ಲ, ಆಗ ನಿನ್ನ ಕಿವಿ ಕೆಂಪಾಗಿತ್ತು. ಚಿಕ್ಕಂದಿನಲ್ಲಿ ನೀನು ಅಳು ತಡೆದಾಗಲೂ ಹಾಗೇ ಆಗುತ್ತಿತ್ತು.

ಪಂಚಮಿಯ ದಿನ ಅಲ್ಲೇ ಇದ್ದರೂ ಕೇಳಲು ಧೈರ್ಯ ಬರಲಿಲ್ಲ, ಎಷ್ಟು ಮನೆಯವರು ತಿರುಗಿ ಬಂದರು, ಬರಿ.

ಅಕ್ಕ

*

ಚಿಕಲಠಾಣಾ
೨೦ ಆಗಸ್ಟ್ ೨೦೨೫

ಅಕ್ಕಾ, ಶರಣು.

ಬರೆಯಲು ತಡವಾಯಿತು. ಒಳ್ಳೆಯ ಸುದ್ದಿ ಬರಲಿ, ಆಮೇಲೆ ಬರೆಯೋಣ ಅಂತ ಕಾಯುತ್ತಿದ್ದೆ. ಅರ್ಧ ಒಳ್ಳೆಯದು ಬಂದಿದೆ.

ಪಂಚಮಿಯ ಬೆಳಿಗ್ಗೆ ಆರು ಮನೆಯವರು ತಿರುಗಿ ಬಂದರು. ಬಹುಪಾಲು ಆ ಓಣಿಯವರೇ, ನಿನ್ನ ದನಿ ಕೇಳಿದವರು. ಕಾಗದ ಓದಿ ಬಂದವರು ಇಬ್ಬರು. ಉಳಿದವರು ಬಂದಿಲ್ಲ. ದಾರಿಯಲ್ಲಿ ಸಿಕ್ಕಾಗ, "ಸುಳ್ಳಂತ ಗೊತ್ತದ ಸರ್, ಆದ್ರೂ ಮನಸ್ಸು ಬರಂಗಿಲ್ಲ" ಅನ್ನುತ್ತಾರೆ. ನಾನು ಮನೆಮನೆಗೆ ಹೋಗುತ್ತಿದ್ದೇನೆ, ಭಾನುವಾರಕ್ಕೆ ಎರಡು ಮನೆಯಂತೆ. ಗಣೇಶನ ಹಬ್ಬಕ್ಕೆ ಇನ್ನು ಮೂರು ಮನೆ ಒಪ್ಪಿವೆ. ಗುಂಪಿನಿಂದ ನಲವತ್ತು ಜನ ಎದ್ದು ಹೋದರು. ಅವರನ್ನು ನಾನು ಕರೆಯುವುದಿಲ್ಲ.

ಮಂಜುಶ್ರೀ ನನ್ನ ಜೊತೆ ಮಾತಾಡುತ್ತಾಳೆ. ಭಾಗವ್ವ ಮಾತ್ರ ಆಡುತ್ತಿರಲಿಲ್ಲ. ರೊಟ್ಟಿ ಕೊಡಲು ಬಂದರೆ ಮಂಜುಶ್ರೀಯ ಕೈಯಲ್ಲಿ ಕೊಟ್ಟು, ನಾನು ಎದುರಿಗಿದ್ದರೂ ಗೋಡೆ ನೋಡಿದ ಹಾಗೆ ನೋಡಿ ಹೋಗುತ್ತಿದ್ದಳು. ಅದು ನನಗೆ ಸಲ್ಲಬೇಕಾದದ್ದೇ ಅಂತ ನಾನೂ ಸುಮ್ಮನಿದ್ದೆ.

ಇವತ್ತು ಸಂಜೆ ಬಂದವಳು ಹೋಗಲಿಲ್ಲ. ಸೆರಗಿನಿಂದ ಫೋನ್ ತೆಗೆದು ನನ್ನ ಮುಂದೆ ಹಿಡಿದಳು. ಹಿಂದಿಯಲ್ಲಿ ಯಾರೋ ಕಳಿಸಿದ ಸುದ್ದಿ: ಮನೆಯಲ್ಲಿ ಅಡುಗೆಯ ಉದ್ಯೋಗ ಮಾಡುವ ಹೆಂಗಸರಿಗೆ ಹಿಟ್ಟು ನಾದುವ ಮಷಿನ್ ಪುಕ್ಕಟೆ, ಆಧಾರ್ ಕಾರ್ಡಿನ ಫೋಟೋ ಕಳಿಸಿ, ಈ ವಾರವೇ ಕೊನೆ.

"ಅಣ್ಣಾರೆ, ಇದು ಖರೇ ಏನ್ರಿ?"

ಸುಳ್ಳು ಅನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ನನಗೆ ಅನಿಸಿದ್ದು ಹಾಗೇ. ಆದರೆ ನಾನು ಎಲ್ಲಿಯೂ ಕೇಳಿರಲಿಲ್ಲ, ನೋಡಿರಲಿಲ್ಲ. ಅವಳ ಕೈ ನೋಡಿದೆ, ಮೊಣಕೈಯವರೆಗೆ ಹಿಟ್ಟು. ಆ ಮಷಿನ್ ಬಂದರೆ ಆ ತಾಯಿ ಮಗಳಿಗೆ ಎಷ್ಟು ಆಸರೆ. ಖರೇ ಅಂದರೂ ತಪ್ಪು, ಸುಳ್ಳು ಅಂದರೂ ತಪ್ಪು.

"ನನಗ ಗೊತ್ತಿಲ್ಲ ಭಾಗವ್ವ" ಅಂದೆ. "ಆಧಾರಿನ ಫೋಟೋ ಸದ್ಯ ಯಾರಿಗೂ ಕಳಿಸಬ್ಯಾಡ. ನಾಳೆ ನಾನು ಅರ್ಧ ದಿನ ರಜೆ ಹಾಕ್ತೀನಿ, ವಾರ್ಡ್ ಆಫೀಸಿಗೆ ಇಬ್ಬರೂ ಹೋಗಿ ಕೇಳೋಣ."

ಅವಳು ಫೋನನ್ನು ಸೆರಗಿಗೆ ಕಟ್ಟಿಕೊಂಡಳು. ಮೆಟ್ಟಿಲು ಇಳಿಯುತ್ತಾ ತಿರುಗಿ ನೋಡಿದಳು.

"ಗೊತ್ತಿಲ್ಲ ಅಂದ್ರಲ್ಲ ಅಣ್ಣಾರೆ," ಅಂದಳು, "ಇನ್ನ ಮುಂದ ನಿಮ್ಮನ್ನ ಕೇಳಬಹುದು."

ನಿನ್ನ ತಮ್ಮ
ಶಿವಕಾಂತ